ಎಂಬತ್ತೇಳನೆಯ ಸಾಲು

ಬೆಳಗಿನ ಆರು ಗಂಟೆ. ಹಿಂದವಾಡಿಯ ಆಸ್ಪತ್ರೆಯಲ್ಲಿ ಡಾಕ್ಟರುಗಳ ಸುಳಿವೇ ಇಲ್ಲ. ಖಾನಾಪುರದಿಂದ ಮೊದಲ ರೈಲಿಗೆ ಬಂದ ದುಂಡಪ್ಪ ಮಾತ್ರ ಆಪರೇಷನ್ ಕೋಣೆಯ ಹೊರಗೆ ಕೂತು ದಪ್ಪ ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆಯುತ್ತಿದ್ದಾರೆ. ರೋಗಿಯ ಹೆಸರು, ಯಾವ ಆಪರೇಷನ್, ಯಾರು ಮಾಡಿದರು, ಕೊನೆಗೆ ಏನಾಯಿತು. ದಿನಕ್ಕೆ ನಾಲ್ಕೈದು ಸಾಲು, ಹದಿನಾರು ವರ್ಷದಿಂದ ಇದೇ ಕಾಯಕ.

ಓದಿದ್ದು ಏಳನೆಯ ಇಯತ್ತೆ. ಆದರೆ ಕಿಡ್ನಿ ಶಸ್ತ್ರಚಿಕಿತ್ಸೆಯ ವಿಶೇಷ ತರಬೇತಿಗೆ ಮಾನ್ಯತೆ ಕೊಡಲು ತಪಾಸಣೆಗೆ ಬರುವವರು ಮೊದಲು ಕೇಳುವುದು ಇವರ ಪುಸ್ತಕವನ್ನೇ. ಕಲಿಯುವ ಡಾಕ್ಟರು ಸ್ವಂತ ಕೈಯಿಂದ ನೂರು ಆಪರೇಷನ್ ಮಾಡಿರಬೇಕು. ಮಾನ್ಯತೆ ಸಿಗದಿದ್ದರೆ ಅವರ ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಹೋದ ವರ್ಷದ, ಅಂದರೆ ೧೯೮೩ರ ರಿಜಿಸ್ಟರಿನ ಎಂಬತ್ತೇಳನೆಯ ಸಾಲು ದುಂಡಪ್ಪನವರ ಹೆಂಡತಿ ಶಿವಲಿಂಗವ್ವನದು. ಕಿಡ್ನಿಯಲ್ಲಿ ಹರಳು. ಆಪರೇಷನ್ ಮಾಡಿದವರು ಕಲಿಯುತ್ತಿದ್ದ ಡಾಕ್ಟರ್ ಅವಧೂತ. ರಕ್ತ ನಿಲ್ಲಲಿಲ್ಲ. ಹೊರಗೆ ಕೂತಿದ್ದ ಗಂಡನೇ ಆ ಸಾಲಿನ ಕೊನೆಯ ಕಾಲಮ್ಮಿನಲ್ಲಿ ‘ಮೃತ’ ಎಂದು ಬರೆದರು.

“ಅವತ್ತಿನ ಅಕ್ಷರ ಸೊಟ್ಟ ಆಗ್ಯಾವ್ರಿ. ತಿದ್ದಿಲ್ಲ,” ಎನ್ನುತ್ತಾರೆ.

ತಪಾಸಣೆ ಹತ್ತಿರ ಬಂದಾಗ ದೊಡ್ಡ ಡಾಕ್ಟರು ಒಳಗೆ ಕರೆದರು. “ದುಂಡಪ್ಪ, ಆ ಸಾಲಿನ್ಯಾಗ ಅವಧೂತನ ಹೆಸರು ತಗದು ನನ್ನ ಹೆಸರು ಬರಿ. ಹುಡುಗನ ಬಾಳೇ ಅದರಾಗ ಐತಿ.”

“ಆಕಿ ಸತ್ತದ್ದೂ ಖರೇ, ಅವರು ಮಾಡಿದ್ದೂ ಖರೇರಿ ಸಾಹೇಬ್ರ. ಎರಡೂ ಇರ್ಲಿ.”

ಎಂಥ ಹಟಮಾರಿ ಎನ್ನಬೇಡಿ. ತಪಾಸಣೆಯವರೆಗಿನ ಎರಡು ದಿನ ಅವರು ಆ ಹಾಳೆಯನ್ನು ಮತ್ತೆ ಮತ್ತೆ ತೆರೆದು ನೋಡಿದರು. ಅವಧೂತರ ಮೇಲೆ ಸಿಟ್ಟಿತ್ತೇ ಎಂದರೆ ಮುಚ್ಚುಮರೆಯಿಲ್ಲ. “ಇತ್ರಿ. ಸುಳ್ಳ ಯಾಕ ಹೇಳ್ಲಿ? ಈಗೂ ಒಮ್ಮೊಮ್ಮೆ ಬರತೈತಿ.”

ತಪಾಸಣೆಗೆ ಬಂದವರ ಬೆರಳು ಆ ಸಾಲಿನ ಮೇಲೇ ನಿಂತಿತು. ಅವಧೂತ ತಲೆ ತಗ್ಗಿಸಿ, ತಾನು ಎಲ್ಲಿ ತಪ್ಪು ಮಾಡಿದೆ, ಮುಂದಿನ ಆಪರೇಷನ್ನುಗಳಲ್ಲಿ ಅದನ್ನು ಹೇಗೆ ತಿದ್ದಿಕೊಂಡೆ ಎಂದು ಒಂದೊಂದಾಗಿ ಹೇಳಿದರು. ದುಂಡಪ್ಪ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡರು. ಸಾವನ್ನೂ ಮುಚ್ಚಿಡದ ಪುಸ್ತಕ ನಂಬಬಹುದಾದದ್ದು ಎಂದು ಬಂದವರು ಬರೆದುಕೊಂಡು ಹೋದರು.

ಮಾನ್ಯತೆ ಬಂತು. ಆ ಪತ್ರ ಈಗ ಗಾಜಿನ ಚೌಕಟ್ಟಿನಲ್ಲಿದೆ, ದಿನವೂ ಅದರ ಧೂಳು ಒರೆಸುವವರು ದುಂಡಪ್ಪನವರೇ. ಅದರಲ್ಲಿ ಅವರ ಹೆಸರಿಲ್ಲ. ಅದರ ಆಸೆಯೂ ಅವರಿಗಿಲ್ಲ, ಇರುವುದು ಬೇರೆಯೇ ಒಂದು.

“ಹೊಸದಾಗಿ ಕಲಿಯಾಕ ಬರೋ ಡಾಕ್ಟರಿಗೆ ಮೊದಲ ದಿನಾನ ಆ ಹಾಳಿ ತೋರಸ್ಬೇಕ್ರಿ. ಬರೇ ಎಂಬತ್ತೇಳು ಅಂತ ಓದಬಾರ್ದು. ಬಾಯಿಬಿಟ್ಟು ಹೆಸರು ಓದ್ಲಿ. ಶಿವಲಿಂಗವ್ವ ಅಂತ.”