ಎಂಟು ಜಿಬಿಯೋ ಹನ್ನೆರಡೋ

ಬೀರೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಮದುವೆ ವಿಡಿಯೊ ಎಡಿಟ್ ಮಾಡಲು ಶುರು ಮಾಡಿ ಮೂರು ವರ್ಷವಾಗಿತ್ತು. ಅಷ್ಟು ದಿನದಲ್ಲಿ ನನ್ನ ಮಾವ, ಎಂದರೆ ನನ್ನ ಗಂಡನ ತಂದೆ, ಒಂದು ಸಲವೂ ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಕೋಪವೇನಲ್ಲ. ಮೂವತ್ತು ವರ್ಷ ಗೂಡ್ಸ್ ರೈಲು ಓಡಿಸಿ ನಿವೃತ್ತರಾದವರಿಗೆ, ಕುರ್ಚಿಯಲ್ಲಿ ಕೂತು ಬೆರಳಾಡಿಸುವುದೂ ಒಂದು ದುಡಿಮೆ ಅಂತ ಅನ್ನಿಸಿರಲಿಲ್ಲ, ಅಷ್ಟೇ.

ಅವರನ್ನು ಒಳಗೆ ಕರೆತಂದದ್ದು ಪಂಚನಹಳ್ಳಿಯ ಒಂದು ಮದುವೆ. ಮೂರು ಕ್ಯಾಮೆರಾದಲ್ಲಿ ಫೋರ್‌ಕೆ ವಿಡಿಯೊ ತೆಗೆದಿದ್ದೆವು. ಛತ್ರದಲ್ಲಿ ಬೆಳಕು ಸಾಲದೆ, ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳುಕಾಳು. ಅದನ್ನು ನಯ ಮಾಡಲು ಹೊರಟರೆ ನನ್ನ ಹಳೆಯ ಕಂಪ್ಯೂಟರಿನ ಫ್ಯಾನು ಬೀದಿಗೆ ಕೇಳುವಷ್ಟು ಕೂಗುತ್ತಿತ್ತು. ಮಾವ ಬಾಗಿಲಲ್ಲಿ ತಲೆ ಹಾಕಿದರು.

"ಏನಮ್ಮಾ ಇದು, ಏರಲ್ಲಿ ಸಿಕ್ಕೊಂಡ ಇಂಜಿನ್ ಥರ ಅರಚ್ತಾ ಐತೆ?"

"ಗ್ರಾಫಿಕ್ಸ್ ಕಾರ್ಡ್ ಹಳೇದಾಯ್ತು ಮಾವ. ಚಿತ್ರದ ಕೆಲಸ ಎಲ್ಲಾ ಅದೇ ಎಳೀಬೇಕು. ಹೊಸದು ಹಾಕಿಸ್ಬೇಕು, ಯಾವುದು ಅಂತ ತಿಳೀತಿಲ್ಲ."

ಕಡೂರಿನ ಕಂಪ್ಯೂಟರ್ ಅಂಗಡಿಯವರು ಎರಡು ಕಾರ್ಡುಗಳ ವಿವರ ಮುದ್ರಿಸಿ ಕೊಟ್ಟಿದ್ದರು. ಒಂದು ಆಗಷ್ಟೇ ಬಂದದ್ದು, ಎಂಟು ಜಿಬಿ ಮೆಮೊರಿ. ಇನ್ನೊಂದು ಅದರ ಹಿಂದಿನ ತಲೆಮಾರಿನದು, ಹನ್ನೆರಡು ಜಿಬಿ. ಬೆಲೆ ಹೆಚ್ಚುಕಡಿಮೆ ಒಂದೇ. "ಅಕ್ಕಾ, ಹೊಸದೇ ತಗೊಳ್ಳಿ, ಕಣ್ಮುಚ್ಚಿ ತಗೊಳ್ಳಿ" ಎಂದಿದ್ದರು ಅಂಗಡಿಯವರು. ಇಂಟರ್‌ನೆಟ್ಟಿನಲ್ಲಿ ನೋಡಿದರೆ ಅರ್ಧ ಜನ ಇದು ಅನ್ನುತ್ತಿದ್ದರು, ಅರ್ಧ ಜನ ಅದು.

ಮಾವ ಒಳಗೆ ಬಂದು ಸ್ಟೂಲೆಳೆದು ಕೂತು, ಕನ್ನಡಕ ಹಾಕಿಕೊಂಡು ಎರಡೂ ಹಾಳೆಗಳನ್ನು ಸಾಲುಸಾಲಾಗಿ ಓದಿದರು.

"ಕೋರ್ ಅಂದ್ರೇನು?"

"ಒಳಗಿರೋ ಆಳುಗಳು ಅನ್ಕೊಳ್ಳಿ ಮಾವ. ಸಾವಿರಾರು ಜನ."

"ಕ್ಲಾಕ್ ಸ್ಪೀಡು?"

"ಅವರು ಎಷ್ಟು ಚುರುಕಾಗಿ ಕೈ ಆಡಿಸ್ತಾರೆ ಅನ್ನೋದು."

"ಈ ಜಿಬಿ?"

"ಒಂದೇ ಸಲಕ್ಕೆ ಎಷ್ಟು ಸಾಮಾನು ಮುಂದೆ ಹರಡ್ಕೊಂಡು ಕೂರಬಹುದು ಅನ್ನೋದು."

ಅವರು ಹಾಳೆಗಳನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಕಾಗದ ಓದ್ಕೊಂಡು ಇಂಜಿನ್ ಆರಿಸೋರುಂಟೇ? ಹೊರೆ ಕಟ್ಟಿ ಎಳೆಸಿ ನೋಡ್ಬೇಕು ಕಣಮ್ಮ."

ತಮಾಷೆಗೆ ಅಂದರು ಎಂದುಕೊಂಡೆ. ಆದರೆ ಸಂಜೆಯೊಳಗೆ ಅವರು ರೈಲಿನ ವೇಳೆ ನೋಡಿಟ್ಟಿದ್ದರು. ಸ್ಟುಡಿಯೊದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದಾಗ ಎರಡೂ ಕಾರ್ಡು ಹತ್ತಿರದಲ್ಲೇ ಸಿಕ್ಕವು. ಹನ್ನೆರಡು ಜಿಬಿಯದು ತರೀಕೆರೆಯ ಒಬ್ಬ ಅಕ್ಕನ ಬಳಿ, ಎಂಟರದ್ದು ಅಜ್ಜಂಪುರದ ಒಬ್ಬ ಫೋಟೋಗ್ರಾಫರ್ ಬಳಿ. ಪಂಚನಹಳ್ಳಿ ಮದುವೆಯ ಧಾರೆಯ ಹತ್ತು ನಿಮಿಷವನ್ನು ಒಂದು ಪುಟ್ಟ ಡಿಸ್ಕಿಗೆ ಹಾಕಿಕೊಂಡೆ. ಒಮ್ಮೆ ಹಾಗೇ ಓಡಿಸುವುದು, ಇನ್ನೊಮ್ಮೆ ಕಾಳು ತೆಗೆಯುವ ಭಾರದ ಕೆಲಸವನ್ನೂ ಹೇರಿ ಓಡಿಸುವುದು. ಎರಡು ಊರಿನಲ್ಲೂ ಇದೇ ಪರೀಕ್ಷೆ.

ತರೀಕೆರೆಯ ಅಕ್ಕ ಬಿಸಿ ಬಿಸಿ ಚಿತ್ರಾನ್ನ ಮಾಡಿಟ್ಟು ಕಾಯುತ್ತಿದ್ದರು. ಮಾವ ತಿಂಡಿಯನ್ನು ಆಮೇಲೆ ನೋಡೋಣ ಎಂದು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಭಾರವಿಲ್ಲದ್ದು ನಾಲ್ಕು ನಿಮಿಷದಲ್ಲಿ ಮುಗಿಯಿತು. ಭಾರದ್ದು ಹನ್ನೊಂದೂವರೆ ನಿಮಿಷ ಹಿಡಿಯಿತು. ಪರದೆಯ ಮೂಲೆಯಲ್ಲಿ ಕಾರ್ಡಿನ ಮೆಮೊರಿ ತುಂಬುವುದನ್ನು ತೋರಿಸುವ ಗೆರೆಯೊಂದು ಇರುತ್ತದೆ. ಮಾವನ ಕಣ್ಣೆಲ್ಲ ಅದರ ಮೇಲೇ. "ಹತ್ತರ ತಂಕ ಏರಿ ನಿಂತ್ಕೊಂತು ನೋಡು" ಎಂದು ಪುಟ್ಟ ಡೈರಿಯಲ್ಲಿ ಬರೆದುಕೊಂಡರು. ನಂತರವೇ ಚಿತ್ರಾನ್ನ. ಎರಡು ಸಲ ಹಾಕಿಸಿಕೊಂಡರು.

ಮರುದಿನ ಹುಬ್ಬಳ್ಳಿ ಕಡೆಯ ಗಾಡಿ ಹತ್ತಿ ಅಜ್ಜಂಪುರಕ್ಕೆ ಹೋದೆವು. ಫೋಟೋಗ್ರಾಫರ್ ದಪ್ಪ ಮೀಸೆಯ, ದೊಡ್ಡ ಗಂಟಲಿನ ಮನುಷ್ಯ. ಅವರ ಕಂಪ್ಯೂಟರಿನ ಪೆಟ್ಟಿಗೆಗೆ ಗಾಜಿನ ಬಾಗಿಲು, ಒಳಗೆ ಬಣ್ಣಬಣ್ಣದ ದೀಪ. "ಹಾರುತ್ತೆ ಕಣ್ರೀ ಇದು!" ಎಂದರು. ನಿಜಕ್ಕೂ ಹಾರಿತು. ಭಾರವಿಲ್ಲದ್ದು ಮೂರು ನಿಮಿಷದೊಳಗೇ ಮುಗಿದುಹೋಯಿತು. ನನಗೆ ಆಗಲೇ ಮನಸ್ಸು ಅತ್ತ ವಾಲಿತ್ತು. ಆ ದೀಪಗಳೂ ಇಷ್ಟವಾಗಿದ್ದವು, ಸುಳ್ಳು ಯಾಕೆ ಹೇಳಲಿ.

"ಈಗ ಹೊರೆ ಕಟ್ಟಮ್ಮ" ಎಂದರು ಮಾವ.

ಭಾರದ ಓಟವೂ ಭರದಿಂದಲೇ ಶುರುವಾಯಿತು. ಮದುಮಗಳ ಕೈಗೆ ಧಾರೆಯ ಹಾಲು ಬೀಳುವ ಹೊತ್ತಿಗೆ ಮೆಮೊರಿಯ ಗೆರೆ ತುದಿ ಮುಟ್ಟಿತು. ಚಿತ್ರ ಅಲ್ಲೇ ಹೆಪ್ಪುಗಟ್ಟಿತು. ಕಾರ್ಡಿನ ಮೆಮೊರಿ ಸಾಲದು ಎಂಬ ಸಂದೇಶ ಬಂತು. ಮತ್ತೊಮ್ಮೆ ಓಡಿಸಿದೆವು. ಮತ್ತೆ ಅದೇ ಜಾಗದಲ್ಲಿ ಹಾಲು ಗಾಳಿಯಲ್ಲೇ ನಿಂತಿತು. ಫೋಟೋಗ್ರಾಫರ್ ಮುಖ ಸಣ್ಣಗಾಯಿತು.

"ಗೇಮ್ ಆಡುವಾಗ ಹಿಂಗೆ ಯಾವತ್ತೂ ಆಗಿಲ್ಲ ಯಜಮಾನ್ರೇ..."

ಮಾವ ಅವರ ಬೆನ್ನು ತಟ್ಟಿದರು. "ನಿಮ್ಮದು ಎಕ್ಸ್‌ಪ್ರೆಸ್ ಗಾಡಿ ಸ್ವಾಮಿ, ಮಾತೇ ಇಲ್ಲ. ನಮ್ಮ ಹುಡುಗಿ ಅದಕ್ಕೆ ಅದಿರಿನ ಬೋಗಿ ಕಟ್ಟಿದ್ಲು, ಅಷ್ಟೇ."

ಮೂವರಿಗೂ ನಗು ತಡೆಯಲಾಗಲಿಲ್ಲ. ಆ ಮನುಷ್ಯ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತರಿಸಿ, ಗಾಡಿಯ ಹೊತ್ತಾಗುವ ತನಕ ನಮ್ಮನ್ನು ಬಿಡಲೇ ಇಲ್ಲ. 'ನಮ್ಮ ಹುಡುಗಿ' ಅಂದದ್ದನ್ನು ನಾನು ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಮತ್ತೆ ಮತ್ತೆ ನೆನೆಸಿಕೊಂಡೆ.

ನನ್ನ ಕಂಪ್ಯೂಟರಿನ ಪೆಟ್ಟಿಗೆಯನ್ನೂ ಹೊತ್ತುಕೊಂಡು ಕಡೂರಿನ ಅಂಗಡಿಗೆ ಹೋಗಿ ಹನ್ನೆರಡು ಜಿಬಿಯದು ಬೇಕೆಂದಾಗ ಅಂಗಡಿಯವರು ಹುಬ್ಬೇರಿಸಿದರು. ಮಾವ ಡೈರಿ ತೆಗೆದು ಎರಡು ಊರಿನ ಲೆಕ್ಕವನ್ನೂ ಓದಿ ಹೇಳಿದರು. ಅಷ್ಟಕ್ಕೆ ನಿಲ್ಲಿಸಲಿಲ್ಲ. "ಈ ಕಾರ್ಡು ಎಷ್ಟು ವ್ಯಾಟ್ ಎಳೆಯುತ್ತೆ? ನಮ್ಮ ಪೆಟ್ಟಿಗೆಯ ಪವರ್ ಸಪ್ಲೈ ಅಷ್ಟು ಕೊಡುತ್ತಾ?" ಎಂದು ಕೇಳಿದರು. ಅದು ನನಗೆ ಹೊಳೆದೇ ಇರಲಿಲ್ಲ. ನೋಡಿದರೆ ಕೊಡುತ್ತಿರಲಿಲ್ಲ. ಅದನ್ನೂ ಬದಲಾಯಿಸಬೇಕಾಯಿತು. ಕೂರಿಸಲು ಹೋದಾಗ ಕಾರ್ಡು ಎರಡು ಬೆರಳಷ್ಟು ಉದ್ದವಾಗಿ ಡಿಸ್ಕಿನ ಗೂಡಿಗೆ ತಾಗಿತು. ಅಂಗಡಿಯವರು ಪೆಟ್ಟಿಗೆಯನ್ನೇ ಬದಲಾಯಿಸಿ ಅಂದರು. ಮಾವ ಬಗ್ಗಿ ನೋಡಿ, ಆ ಗೂಡಿನ ನಾಲ್ಕು ಸ್ಕ್ರೂ ಬಿಚ್ಚಿಸಿ ಪಕ್ಕಕ್ಕೆ ಸರಿಸಿದರು. ಕಾರ್ಡು ಟಕ್ಕನೆ ಕೂತಿತು.

ಮನೆಗೆ ಬಂದು ಇಡೀ ಮದುವೆಯನ್ನು ಓಡಿಸಿದೆ. ಎಲ್ಲೂ ನಿಲ್ಲಲಿಲ್ಲ. ಕಾಳೆಲ್ಲ ಮಾಯವಾಗಿ ಮದುಮಗಳ ಅಜ್ಜಿಯ ಬೊಚ್ಚುಬಾಯಿಯ ನಗೆ ಅಚ್ಚುಕಟ್ಟಾಗಿ ಕಂಡಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಮಾವ ಎರಡು ಗಂಟೆಯ ವಿಡಿಯೊವನ್ನು ಒಂದು ಚೂರೂ ಬಿಡದೆ ನೋಡಿದರು. ಆ ಮನೆಯವರಲ್ಲಿ ಒಬ್ಬರ ಪರಿಚಯವೂ ಅವರಿಗಿರಲಿಲ್ಲ. ಮುಗಿಯುವ ಹೊತ್ತಿಗೆ ಹೆಣ್ಣಿನ ಸೋದರಮಾವ ಯಾರು, ಗಂಡಿನ ಚಿಕ್ಕಪ್ಪ ಯಾರು ಎಂಬುದೆಲ್ಲ ನನಗಿಂತ ಚೆನ್ನಾಗಿ ಗೊತ್ತಾಗಿತ್ತು.

ವಿಡಿಯೊ ಒಯ್ಯಲು ಬಂದ ಪಂಚನಹಳ್ಳಿಯವರನ್ನು ಮಾವ ನೆಂಟರಂತೆ ಮಾತಾಡಿಸಿದರು. "ನಿಮ್ಮ ತಾಯಿಯೋರು ಚೆನ್ನಾಗಿದಾರಾ? ಆ ದಿನ ಕಾಲು ನೋವಿತ್ತು ಅನ್ಸುತ್ತೆ, ಕುರ್ಚಿ ಹಾಕ್ಸಿದ್ರಿ." ಹುಡುಗಿಯ ತಂದೆ ಬೆರಗಾದರು. "ನೀವು ಮದುವೇಗೆ ಬಂದಿದ್ರಾ?" ಮಾವ ನಕ್ಕರು, ನಾನೂ ನಕ್ಕೆ. ನಡೆದದ್ದೆಲ್ಲ ಹೇಳಿದ ಮೇಲೆ ಅವರು ಬರುವ ಸೋಮವಾರದ ಮನೆದೇವರ ಊಟಕ್ಕೆ ಬರಲೇಬೇಕೆಂದು ಹಟ ಹಿಡಿದರು.

ಹೋದೆವು. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಮಾವ ಗಂಡಿನ ಚಿಕ್ಕಪ್ಪನ ಪಕ್ಕದಲ್ಲೇ ಊಟಕ್ಕೆ ಕೂತರು. ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಎದುರು ಸಾಲಿನಿಂದ ಅವರ ದನಿ ಕೇಳುತ್ತಿತ್ತು. "ಬರೀ ಕ್ಲಾಕ್ ಸ್ಪೀಡು ನೋಡ್ಬಾರ್ದು ಕಣ್ರೀ, ಮೆಮೊರಿ ಎಷ್ಟೈತೆ ಅಂತ ಮೊದ್ಲು ಕೇಳ್ಬೇಕು." ಚಿಕ್ಕಪ್ಪ ಎಲೆಯ ಮೇಲಿನ ಪಾಯಸ ಮರೆತು ತಲೆಯಾಡಿಸುತ್ತಿದ್ದರು.