ಕೈಯಿಂದ ಕೈಗೆ ಬಂದ ಚಾಕು

ಸಾಣೆ ಹಿಡಿಯುವವನು ಸೈಕಲ್ಲು ನಿಲ್ಲಿಸಿ ಪೆಡಲ್ ತುಳಿಯತೊಡಗಿದರೆ ಕಬ್ಬಿಣ ಸುಟ್ಟ ವಾಸನೆ ನಮ್ಮ ಬೀದರಿನ ಓಣಿಯನ್ನೆಲ್ಲ ತುಂಬುತ್ತದೆ. ಸೊಸೆ ಈಳಿಗೆ, ಕತ್ತರಿ ಹಿಡಿದುಕೊಂಡು ಹೊರಗೆ ಹೋಗುತ್ತಾಳೆ. ನಾನು ಬಾಗಿಲ ಹಿಂದೆ ನಿಂತು, ಇವನು ಯಾವ ಊರಿನವನು, ಇಷ್ಟು ಮನೆ ಬಿಟ್ಟು ನಮ್ಮ ಮುಂದೆಯೇ ಯಾಕೆ ನಿಂತ ಎಂದು ನೋಡುತ್ತೇನೆ. "ಅತ್ತಿ, ನಿಮಗ ಎಲ್ಲಾರ ಮ್ಯಾಲೂ ಸಂಶಯ ನೋಡ್ರಿ" ಎಂದು ಅವಳು ನಗುತ್ತಾಳೆ. ನಗಲಿ. ನಿಜಾಮನ ರಾಜ್ಯ ಮುಗಿದ ವರ್ಷ ಈ ಸೀಮೆಯಲ್ಲಿ ಸಣ್ಣವರಾಗಿದ್ದ ಯಾರನ್ನಾದರೂ ಕೇಳಿ, ಈ ರೋಗ ಅಂಟದವರು ಸಿಗಲಿಕ್ಕಿಲ್ಲ. ನಿಮ್ಮ ಮನೆಯ ಹಿರಿಯರಲ್ಲೂ ಇದ್ದೀತು, ನೋಡಿಕೊಳ್ಳಿ.

ಭಾಲ್ಕಿಯ ಹತ್ತಿರದ ಭಾತಂಬ್ರಾದಲ್ಲಿ ನಮ್ಮದು ಕುರಿಯ ಮನೆತನ. ಒದ್ದೆ ಉಣ್ಣೆ, ಹಿಕ್ಕೆ, ಒಲೆಯ ಮೇಲಿನ ಜೋಳದ ರೊಟ್ಟಿ, ಈ ಮೂರೂ ಕೂಡಿ ಆದ ಒಂದು ವಾಸನೆ ನಮ್ಮ ಮೈಗೂ ಹತ್ತಿತ್ತು. ಅಪ್ಪನ ಅಪ್ಪ ಮಾಳಪ್ಪ, ನಮಗೆಲ್ಲ ಮುತ್ಯಾ, ಕಂಬಳಿ ಹೊದ್ದು ಅಂಗಳಕ್ಕೆ ಬಂದರೆ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ಅವನ ಸೊಂಟದ ಸಂಚಿಯಲ್ಲಿ ಸದಾ ಒಂದು ಮಡಚುವ ಚಾಕು. ಉಳ್ಳಾಗಡ್ಡಿ ಹೆಚ್ಚಲು, ಕುರಿಯ ಗೊರಸು ಕೆತ್ತಲು, ಹುಟ್ಟಿದ ಮರಿಯ ಹೊಕ್ಕುಳಬಳ್ಳಿ ಕೊಯ್ಯಲು ಅದೇ. "ಹೇಂತಿ ಬಿಟ್ಟು ಇರ್ತಾನ, ಚಾಕು ಬಿಟ್ಟು ಇರಂಗಿಲ್ಲ" ಎಂದು ಅಜ್ಜಿ, ನಮ್ಮ ಆಯಿ, ಆಡಿಕೊಳ್ಳುತ್ತಿದ್ದಳು. ಆ ಚಾಕುವನ್ನು ನಿಜಾಮನ ಪರವಾದ ರಜಾಕಾರರ ಗದ್ದಲದ ಕಾಲಕ್ಕೆ, ದಾರಿ ತಡೆದು ತಪಾಸಣೆ ಮಾಡುವ ನಾಕಾದಲ್ಲಿ ಯಾರೋ ಕಸಿದುಕೊಂಡರು. ಆಮೇಲೆ ಪೊಲೀಸ್ ಆಕ್ಷನ್ ಆಯಿತು, ಮಿಲಿಟರಿ ಬಂತು, ರಜಾಕಾರರು ಹೋದರು. ಸಿಪಾಯಿಗಳು ಮನೆ, ಅಂಗಡಿ ಹೊಕ್ಕು ಹತಾರ ಹುಡುಕತೊಡಗಿದರು. ಹೆದರಿಕೆ ಮಾತ್ರ ಹೋಗಲಿಲ್ಲ, ನಮ್ಮ ಮನೆಗಳಿಂದ ಮುಸಲ್ಮಾನರ ಮನೆಗಳಿಗೆ ಬಿಡಾರ ಬದಲಿಸಿತು ಅಷ್ಟೆ. ನಿನ್ನೆಯವರೆಗೆ ಒಂದೇ ಬಾವಿಯ ನೀರು ಸೇದಿದವರು ಒಬ್ಬರ ಕೈಯಲ್ಲೇನಿದೆ ಎಂದು ಇನ್ನೊಬ್ಬರು ನೋಡತೊಡಗಿದರು.

ಕುರಿ ಈಯುವ ಕಾಲ ಹತ್ತಿರ ಬಂತು. ಚಾಕು ಬೇಕೇ ಬೇಕು. ಮುತ್ಯಾ ಬೀದರಿಗೆ ಹೊರಟಾಗ ಆಯಿ ನನ್ನ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿ, "ಈ ಹುಡುಗಿನ ಕರ್ಕೊಂಡು ಹೋಗು. ಕೂಸು ಜೋಡಿ ಇದ್ರ ಯಾರೂ ಏನೂ ಕೇಳಂಗಿಲ್ಲ" ಅಂದಳು. ಭಾಲ್ಕಿಯಲ್ಲಿ ರೈಲು ಹತ್ತಿ, ಕಿಟಕಿಯ ಹತ್ತಿರ ಕೂತು ನಾನು ಮಹಾರಾಣಿಯಂತೆ ಬೀಗಿದೆ. ಪ್ರೀತಿಯ ಮೊಮ್ಮಗಳೆಂದು ಮುತ್ಯಾ ನನ್ನನ್ನು ಕರೆದೊಯ್ಯುತ್ತಿದ್ದಾನೆ ಎಂದುಕೊಂಡಿದ್ದೆ.

ಬೀದರಿನ ಕೋಟೆಯ ದಾರಿಯಲ್ಲಿ ಕರೀಂ ಚಾಚಾನ ಚಾಕು-ಕತ್ತರಿ ಅಂಗಡಿ. ಅವನು, ಮುತ್ಯಾ ಹುಡುಗರಾಗಿದ್ದಾಗಿನಿಂದ ಗೆಳೆಯರು. ನಮ್ಮ ಟಗರಿನ ಕೊಂಬು ಅವನಿಗೆ, ಆ ಕೊಂಬಿನ ಹಿಡಿ ಹಾಕಿದ ಚಾಕು ನಮಗೆ, ಹೀಗೆ ನಡೆದುಕೊಂಡು ಬಂದಿತ್ತು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರ ಮನಸ್ಸು ಮುರಿಯುತ್ತದೆಂದು ನಮ್ಮ ಕಡೆ ನಂಬುತ್ತಾರೆ. ಹಾಗಾಗಿ ಚಾಚಾ ಅದನ್ನು ಹಲಗೆಯ ಮೇಲಿಟ್ಟು "ತೊಗೊ ಮಾಳಪ್ಪ" ಅನ್ನುವುದು, ಮುತ್ಯಾ ಎತ್ತಿಕೊಳ್ಳುವುದು. ಮರೆತು ಕೈಗೇ ಕೊಟ್ಟರೂ ಉಪಾಯವಿತ್ತು. ಕೆಳಗಿಟ್ಟು, ಕೊಟ್ಟವನು "ತೊಗೊ" ಅಂದ ಮೇಲೆ ಮತ್ತೆ ಎತ್ತಿಕೊಂಡರೆ ಸರಿಹೋಗುತ್ತಿತ್ತು.

ಅಂದು ಅಂಗಡಿಯ ಒಂದೇ ಕದ ತೆರೆದಿತ್ತು. ಸಂದಿಯಿಂದ ಚಾಚಾ ನಮ್ಮನ್ನು ಬಹಳ ಹೊತ್ತು ನೋಡಿದ. "ಯಾರು ಕಳಿಸ್ಯಾರ್ರಿ ನಿಮಗ? ಚಾಕು ಇಲ್ರಿ, ಬರೇ ಕತ್ತರಿ" ಅಂದ. ಜೀವಮಾನವಿಡೀ 'ನೀನು' ಎಂದೇ ಮಾತಾಡಿದವನು ಮಾತಿಗೊಂದು 'ರಿ' ಹಚ್ಚಿದ್ದು ಕೇಳಿ ಮುತ್ಯಾನ ಮುಖ ಸಣ್ಣದಾಯಿತು. ತಂದಿದ್ದ ಕೊಂಬನ್ನು ಹಲಗೆಯ ಮೇಲಿಟ್ಟ. ಆಗ ಚಾಚಾ ಗಾದಿಯ ಕೆಳಗಿನಿಂದ ಅರಿವೆಯ ಗಂಟೊಂದನ್ನು ತೆಗೆದು ಬಿಚ್ಚಿದ. ಇಷ್ಟು ಚಾಕು ಮುಚ್ಚಿಟ್ಟದ್ದು ಯಾರಿಗಾಗಿ ಎಂಬಂತೆ ಮುತ್ಯಾ ಗಂಟನ್ನು ನೋಡಿದ. ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದ. ಅಲಗು ಕಟ್ಟೆಂದು ತೆರೆದುಕೊಂಡಿತು. ಚಾಚಾ ಹಿಂದೆ ಸರಿದು ಗೋಡೆಗೆ ಆತುಕೊಂಡ.

"ಒಂದ ಕೈಲೆ ತೆರಿಯೋದು ಯಾಕ ಬೇಕ್ರಿ?"

"ಇನ್ನೊಂದ ಕೈಯಾಗ ಮರಿ ಇರ್ತದಲ್ಲೋ ಕರೀಂ. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದ. ಮುತ್ಯಾ ಅದನ್ನು ಮಡಚಿಟ್ಟು, ಉಗುರು ಸಿಗಿಸಿ ಎರಡೂ ಕೈಯಿಂದ ಎಳೆದರೆ ಮಾತ್ರ ತೆರೆಯುವ ಒಂದು ಬಿಗಿ ಚಾಕುವನ್ನು ಆರಿಸಿ, "ಇದ ಇರ್ಲಿ" ಎಂದು ಹಲಗೆಗೆ ಹಾಕಿದ. ಅಷ್ಟರಲ್ಲಿ ಬೀದಿಯಲ್ಲಿ ಬೂಟಿನ ಸಪ್ಪಳ. ಚಾಚಾ ಗಂಟನ್ನು ಬಾಚಿ ಗಾದಿಯ ಕೆಳಗೆ ತುರುಕಿದ. ಹಲಗೆಯ ಮೇಲೆ ಉಳಿದಿದ್ದ ಆ ಒಂದು ಚಾಕುವನ್ನು ಗಾಬರಿಯಲ್ಲಿ ಮುತ್ಯಾನ ಅಂಗೈಗೆ ಒತ್ತಿಬಿಟ್ಟ. ಸಿಪಾಯಿ ಒಳಗೆ ಇಣುಕಿ, ಈ ಸಾಬಿ ಎಂಥವನು ಎಂದು ಹಿಂದಿಯಲ್ಲಿ ಮುತ್ಯಾನನ್ನು ಕೇಳಿದ. ಮುತ್ಯಾ ಕಂಬಳಿಯೊಳಗೆ ಮುಷ್ಟಿ ಬಿಗಿಹಿಡಿದು, ಒಮ್ಮೆ ಚಾಚಾನ ಮುಖ, ಒಮ್ಮೆ ಸಿಪಾಯಿಯ ಬೂಟು ನೋಡಿದ. ಆಮೇಲೆ, "ಕತ್ತರಿ ಸಾಣಿ ಹಿಡಿತಾನ್ರಿ ಸಾಹೇಬ್ರ. ಛಲೋ ಮನಷಾ" ಅಂದ. ಸಿಪಾಯಿ ನನ್ನ ಹೆರಳು ನೋಡಿ ಮುಂದೆ ಹೋದ.

ಸಪ್ಪಳ ದೂರವಾಯಿತು. ಇಬ್ಬರೂ ಮುತ್ಯಾನ ಮುಷ್ಟಿಯನ್ನೇ ನೋಡುತ್ತ ನಿಂತರು. ಕೆಳಗಿಡು ಎಂದು ಚಾಚಾ ಅನ್ನಲಿಲ್ಲ, ಮುತ್ಯಾ ತಾನಾಗಿ ಇಡಲಿಲ್ಲ. ನಾವು ಹೊರಟು ಬಂದೆವು.

ರೈಲಿನಲ್ಲಿ ಮುತ್ಯಾ ತನಗೆ ತಾನೇ ಅಂದ: "ಕರೀಂ ಹೆದರಿ ಕೊಟ್ನೋ, ಸಿಪಾಯಿ ಕೈಗೆ ಸಿಕ್ರ ನಾನ ಸಿಗ್ಲಿ ಅಂತ ಕೊಟ್ನೋ? ತೆಳಗ ಇಡು ಅಂದಿದ್ರ ಇಡ್ತಿದ್ದೆ."

"ನೀನ ಇಡಬೇಕಿತ್ತಲ್ಲ, ಮುತ್ಯಾ" ಅಂದೆ. ಅವನು ಕಿಟಕಿಯ ಕಡೆ ತಿರುಗಿದ.

ಕುರಿಗಳು ಈದವು. ಆ ಬಿಗಿ ಚಾಕು ತೆರೆಯಲು ಎರಡೂ ಕೈ ಬೇಕಾದ್ದರಿಂದ ಮರಿಗಳನ್ನು ನಾನು ಹಿಡಿಯಬೇಕಾಯಿತು. ಬೆಚ್ಚಗೆ, ಜಾರುವ ಮೈ, ಎಳೆಯ ಒದ್ದಾಟ, ನನಗೆ ಅದೇ ಸಂಭ್ರಮ. ಮುತ್ಯಾ ಮಾತ್ರ ಪ್ರತಿ ಸಲ ಚಾಕು ಒರೆಸುವಾಗ ಬೀದರಿನ ದಿಕ್ಕಿಗೆ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಹುಟ್ಟುವ ಮರಿಗಳೆಲ್ಲ ಹುಟ್ಟಿ ಮುಗಿದ ಮೇಲೆ, "ನಡಿ, ಅದನ್ನ ತೆಳಗ ಇಟ್ಟು ಬರೋಣು" ಅಂದ.

ಅಂಗಡಿಗೆ ಬೀಗ ಬಿದ್ದಿತ್ತು. ಪಕ್ಕದ ಹೊಟೇಲಿನವನು ಔರಾದಕ್ಕೆ ಹೋದರೆಂದ, ಅಲ್ಲೇ ಚಹಾ ಕುಡಿಯುತ್ತಿದ್ದವನು ಹೈದರಾಬಾದ್ ಅಂದ. ಇಬ್ಬರೂ ನಮ್ಮ ಮುಖ ನೋಡಲಿಲ್ಲ. ಮುತ್ಯಾ ಚಾಕುವನ್ನು ಸಂಚಿಯಿಂದ ತೆಗೆದು, ಬೀಗ ಹಾಕಿದ ಬಾಗಿಲ ಮುಂದೆ ಮೆಟ್ಟಿಲ ಮೇಲಿಟ್ಟು, ಕೈಕಟ್ಟಿ ನಿಂತ. "ತೊಗೊ" ಅನ್ನುವವರು ಯಾರೂ ಇರಲಿಲ್ಲ. ಎದುರು ಮನೆಯ ಬಾಗಿಲಲ್ಲಿ ಬುರ್ಖಾದ ಹೆಂಗಸೊಬ್ಬಳು ಮಗುವನ್ನು ಆಡಿಸುತ್ತಿದ್ದಳು. ಮುಸಲ್ಮಾನರ ಅಂಗಡಿಯ ಹೊಸ್ತಿಲಿಗೆ ಕಂಬಳಿಯ ಮುದುಕನೊಬ್ಬ ಚಾಕು ಇಡುವುದನ್ನು ಅವಳು ಕಂಡಳು. ಮಗುವನ್ನು ಸರಕ್ಕನೆ ಒಳಗೆಳೆದುಕೊಂಡು ಕದ ಹಾಕಿದಳು. ಒಳಗೆ ಚಿಲಕ ಬಿತ್ತು.

"ಹಂಗಲ್ಲ ತಾಯಿ..." ಎಂದು ಮುತ್ಯಾ ಆ ಮುಚ್ಚಿದ ಬಾಗಿಲಿಗೆ ಕೈಮುಗಿದ. ಯಾರೂ ತೆರೆಯಲಿಲ್ಲ. ಬಗ್ಗಿ ಚಾಕು ಎತ್ತಿಕೊಂಡು, ನನ್ನ ಕೈ ಹಿಡಿದು, ಸ್ಟೇಷನ್ನಿನ ಕಡೆ ನಡೆದ.