ಎರಡು ಹೆಸರಿನ ಲೇಖಕಿ

ಎಂಬತ್ತರ ದಶಕದ ಮೊದಲ ವರ್ಷಗಳು. ಬೊಂಬಾಯಿಯ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯ ಕನ್ನಡಿಗರು ಸೇರಿ ಒಂದು ಪುಟ್ಟ ಲೈಬ್ರರಿ ನಡೆಸುತ್ತಿದ್ದೆವು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಲೈಬ್ರರಿ ಕಾರ್ಡು ಬರೆಯುವುದನ್ನು ಕಲಿಸಿದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಒಬ್ಬ ಲೇಖಕರಿಗೆ ಒಂದು ಕಾರ್ಡು, ಅದರಡಿ ಅವರ ಪುಸ್ತಕಗಳು. ಮಧ್ಯಾಹ್ನ ಕುಕ್ಕರ್ ತೊಳೆದಿಟ್ಟು, ಕೈ ಒರೆಸಿಕೊಂಡು ಬರೆಯಲು ಕೂರುತ್ತಿದ್ದೆ.

ಒಂದು ದಿನ ಕೆಳಗಿನ ಮನೆಯ ಆಂಟಿ ಬಂದರು. ಮಂಗಳೂರು ಕಡೆಯ ಕೊಂಕಣಿಯವರು. ಯಜಮಾನರದು ಗ್ರಾಂಟ್ ರೋಡಿನಲ್ಲಿ ಹೋಟೆಲು. ಆಂಟಿ ಮಕ್ಕಳ ಕಥೆಗಳ ಪುಸ್ತಕವೊಂದನ್ನು ಬರೆದದ್ದು ನಮಗೆಲ್ಲ ಗೊತ್ತಿತ್ತು. ತಮ್ಮ ಕಾರ್ಡು ನೋಡಿ ಸಂತೋಷಪಟ್ಟು, ಕಾರ್ಡುಗಳ ಡಬ್ಬಿಯೊಳಗೆ ಬೆರಳಾಡಿಸುತ್ತ ಹೋದವರು ಇನ್ನೊಬ್ಬ ಲೇಖಕಿಯ ಕಾರ್ಡಿನ ಮೇಲೆ ನಿಲ್ಲಿಸಿದರು. ಅದರಲ್ಲಿದ್ದದ್ದು ಒಂದೇ ಒಂದು ಹಳೆಯ ಕಥಾಸಂಕಲನ.

"ಇದೂ ನಾನೇ," ಎಂದರು ಮೆಲ್ಲಗೆ.

ಅವರ ಕಡೆ ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲಿಸುತ್ತಾರಂತೆ. ಗಂಡ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ತವರಿನಲ್ಲಿ ಬರೆದ ಕಥೆಗಳು ಹಳೆಯ ಹೆಸರಿನಲ್ಲೇ ಉಳಿದುಬಿಟ್ಟಿದ್ದವು. ಅವರ ಬಳಿ ಒಂದು ಪ್ರತಿಯೂ ಇರಲಿಲ್ಲ. ತಾನೇ ಹೇಳಿಕೊಂಡರೆ ಜಂಬವಾದೀತೆಂದು ಮಗಳಿಗೂ ಹೇಳಿರಲಿಲ್ಲ. ಆದರೆ ಅವಳು ಅದನ್ನು ಓದಬೇಕೆಂಬ ಆಸೆ ಬಹಳವಿತ್ತು.

ಆಂಟಿಯನ್ನು ಕರೆದುಕೊಂಡು ಹೋಗಿ, ಏನು ಮಾಡುವುದೆಂದು ಲೈಬ್ರರಿಯ ಕಾರ್ಯದರ್ಶಿಗಳನ್ನು ಕೇಳಿದೆ. ಹಳೇ ಕಾರ್ಡು ಹರಿದು ಎಲ್ಲವನ್ನೂ ಈಗಿನ ಹೆಸರಿಗೆ ಸೇರಿಸಿಬಿಡಿ, ಒಬ್ಬರಿಗೆ ಎರಡು ರೇಷನ್ ಕಾರ್ಡು ಯಾಕೆ ಎಂದು ನಕ್ಕರು. ಆಂಟಿ ನಗಲಿಲ್ಲ.

"ಹರಿಯುವುದು ಬೇಡ ಮಾರಾಯ್ತಿ," ಎಂದರು ನನಗೆ. "ಆ ಹಳೇ ಹೆಸರಿನವಳೂ ಇರಲಿ, ನಾನೂ ಇರುತ್ತೇನೆ. ಇಲ್ಲಿಂದ ಅಲ್ಲಿಗೆ ಒಂದು ದಾರಿ ಮಾಡಿಕೊಡು, ಸಾಕು."

ಎರಡೂ ಕಾರ್ಡುಗಳ ಕೆಳಗೆ 'ಈ ಹೆಸರನ್ನೂ ನೋಡಿ' ಎಂದು ಬರೆದು, ಒಂದರಲ್ಲಿ ಇನ್ನೊಂದರ ಹೆಸರು ಸೇರಿಸಿದೆ.

ಆ ಶನಿವಾರ ಆಂಟಿಯ ಮಗಳು ಬಂದಳು. ಬೊಂಬಾಯಿಯಲ್ಲೇ ಬೆಳೆದ ಹುಡುಗಿ. ಅಮ್ಮನ ಕಾರ್ಡನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ಆಂಟಿ, ಯೇ ಕೌನ್ ಹೈ? ಮಮ್ಮಿ ಕಾರ್ಡ್ ಮೇಲೆ ಇವರ್ದು ಹೆಸರು ಯಾಕೆ?"

ನಾನು ಆ ಹಳೆಯ ಸಂಕಲನ ತೆಗೆದುಕೊಟ್ಟು, ಮಮ್ಮಿಯನ್ನೇ ಕೇಳು ಎಂದೆ.

ಸಂಜೆ ಬಟ್ಟೆ ತೆಗೆಯಲು ಬಾಲ್ಕನಿಗೆ ಬಂದಾಗ ಕೆಳಗಿನಿಂದ ಆಂಟಿಯ ದನಿ ಕೇಳಿಸಿತು. ಆ ಸಂಕಲನದ ಕಥೆ ಓದಿ ಹೇಳುತ್ತಿದ್ದರು. ಮಗಳು ನಡುನಡುವೆ ತಡೆದು ಅರ್ಥ ಕೇಳುತ್ತಿದ್ದಳು. ಬಟ್ಟೆಗಳನ್ನು ತೋಳಿನ ಮೇಲೆ ಹಾಕಿಕೊಂಡು ನಾನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ.